ಮನೆಗೆ ಪಿಂಗಾಣಿ ಟೈಲು: ಕೊಳ್ಳುವ ಮುನ್ನ, ಹಾಸುವಾಗ, ಹಾಸಿದ ಮೇಲೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಅನುಭವದ ಮಾತು. ವರ್ಷವೆಲ್ಲ ಬೆವರು ಸುರಿಸಿ ಬೆಳೆದ ಬೆಳೆಯನ್ನು ಮಾರಿ, ಅದರಲ್ಲಿ ಬಂದ ನಾಲ್ಕು ಕಾಸನ್ನು ಮನೆಗೆ ಹಾಕುತ್ತೀರಿ. ಗೋಡೆ ಎದ್ದು, ಸೂರು ಬಿದ್ದ ಮೇಲೆ ಮನೆಯವರೆಲ್ಲರ ಬಾಯಲ್ಲಿ ಒಂದೇ ಮಾತು: ‘ನೆಲಕ್ಕೆ ಟೈಲ್ಸ್ ಹಾಕಿಸೋಣ.’ ಪೇಟೆಗೆ ಹೋಗಿ ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲುಗಳನ್ನು ಕಂಡಾಗ ಮನಸ್ಸು ಸೋಲುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಕೊಂಡ ಟೈಲು ಬಚ್ಚಲಲ್ಲಿ ಜಾರಿಸಿ ಮನೆಯ ಹಿರಿಯರ ಸೊಂಟ ಮುರಿದರೆ, ಇಲ್ಲವೆ ಎರಡೇ ವರ್ಷಕ್ಕೆ ನೆಲದಿಂದ ಎದ್ದು ಒಡೆದು ಹೋದರೆ, ಹಾಕಿದ ಹಣವೂ ಹೋಯಿತು, ನೆಮ್ಮದಿಯೂ ಹೋಯಿತು. ಬಿತ್ತುವ ಮುನ್ನ ಬೀಜವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ನೀವು, ಟೈಲನ್ನೂ ಹಾಗೆಯೇ ಪರೀಕ್ಷಿಸಿ ಕೊಳ್ಳಬೇಕು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಟೈಲು ಎಂದರೇನು?

ಸುಟ್ಟ ಮಣ್ಣು ನಮಗೆ ಹೊಸದಲ್ಲ. 1865 ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನ ಮನೆ ಮನೆಯ ಮೇಲೂ ಏರಿತು. ಪಿಂಗಾಣಿ ಟೈಲು ಆ ಹೆಂಚಿನ ದಾಯಾದಿ ಎನ್ನಬಹುದು. ಇಂದು ನಮ್ಮ ಪೇಟೆಗಳಿಗೆ ಬರುವ ಟೈಲುಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯ ಕಾರ್ಖಾನೆಗಳಲ್ಲಿ ತಯಾರಾದವು.

ಜೇಡಿಮಣ್ಣು, ಬೆಣಚುಕಲ್ಲಿನ ಪುಡಿ ಮತ್ತು ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿಗಳನ್ನು ನುಣ್ಣಗೆ ಅರೆದು, ಯಂತ್ರದಲ್ಲಿ ಒತ್ತಿ ಬಿಲ್ಲೆ ಮಾಡುತ್ತಾರೆ. ಅದನ್ನು ಒಣಗಿಸಿ, ಮೇಲೆ ಮೆರುಗು ಹಚ್ಚಿ, 1,000 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಶಾಖದಲ್ಲಿ ಸುಡುತ್ತಾರೆ. ಮೆರುಗು ಎಂದರೆ ಗಾಜಿನ ತೆಳುವಾದ ಪದರ. ನೀರು, ಎಣ್ಣೆ, ಕೊಳೆ ಒಳಗಿಳಿಯದಂತೆ ತಡೆಯುವುದು ಈ ಪದರವೇ. ಇದು ಸವೆದರೆ ಟೈಲಿನ ಆಯುಷ್ಯ ಮುಗಿದಂತೆಯೇ.

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಟೈಲುಗಳು ದೊರೆಯುತ್ತವೆ.

1. ಗೋಡೆಯ ಟೈಲು: ಇದು ತೆಳ್ಳಗೆ, ಹಗುರವಾಗಿರುತ್ತದೆ. ಹಿಂಬದಿ ಬಹಳ ನೀರು ಕುಡಿಯುತ್ತದೆ. ನೂರು ತೂಕದ ಟೈಲು ಹತ್ತಕ್ಕೂ ಹೆಚ್ಚು ತೂಕದ ನೀರನ್ನು ಹೀರಬಲ್ಲದು. ಇದನ್ನು ಗೋಡೆಗೆ ಮಾತ್ರ ಹಾಕಬೇಕು. ಅಗ್ಗವೆಂದು ನೆಲಕ್ಕೆ ಹಾಸಿದರೆ ಓಡಾಟದ ಭಾರಕ್ಕೆ ಒಡೆಯುತ್ತದೆ.

2. ನೆಲದ ಪಿಂಗಾಣಿ ಟೈಲು: ಇದು ದಪ್ಪ, ಗೋಡೆಯ ಟೈಲಿಗಿಂತ ಕಡಿಮೆ ನೀರು ಕುಡಿಯುತ್ತದೆ. ಮೇಲ್ಮೈ ತುಸು ಒರಟಾಗಿರುವುದೂ ದೊರೆಯುತ್ತದೆ. ಬಚ್ಚಲು, ಪಾಯಿಖಾನೆ, ಅಡಿಗೆಮನೆಗಳ ನೆಲಕ್ಕೆ ತಕ್ಕುದು.

3. ವಿಟ್ರಿಫೈಡ್ ಟೈಲು: ಸುಡುವಾಗ ಮಣ್ಣಿನ ಕಣಗಳು ಕರಗಿ ಗಾಜಿನಂತೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ನೂರು ತೂಕಕ್ಕೆ ಅರ್ಧ ತೂಕದಷ್ಟು ನೀರನ್ನೂ ಇದು ಕುಡಿಯುವುದಿಲ್ಲ. ಬಹಳ ಗಟ್ಟಿ, ನಡುಮನೆಗೆ ಒಳ್ಳೆಯದು. ಆದರೆ ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲಿನ ಮೇಲೆ ನೀರು ಬಿದ್ದರೆ ಕಾಲು ಜಾರುತ್ತದೆ.

ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು?

ಮನೆಯೆಲ್ಲಕ್ಕೂ ಟೈಲು ಬೇಕೆಂಬ ಹಟ ಬೇಡ. ಕೈಯಲ್ಲಿರುವ ಹಣ ಕಡಿಮೆಯಾಗಿದ್ದರೆ ಮೊದಲು ನೀರು ಮತ್ತು ಕೊಳೆ ಹೆಚ್ಚಾಗಿರುವ ಜಾಗಗಳಿಗೆ ಹಾಕಿರಿ: ಪಾಯಿಖಾನೆಯ ನೆಲ ಮತ್ತು ಗೋಡೆ, ಬಚ್ಚಲು, ಒಲೆಯ ಹಿಂದಿನ ಗೋಡೆ, ಪಾತ್ರೆ ತೊಳೆಯುವ ಕಟ್ಟೆ. ಈ ಜಾಗಗಳಲ್ಲಿ ಟೈಲು ಇದ್ದರೆ ಗೋಡೆಗೆ ನೀರು ಇಳಿಯುವುದಿಲ್ಲ, ಪಾಚಿ ಕಟ್ಟುವುದು ಕಡಿಮೆ, ಒಂದು ಕೊಡ ನೀರಿನಲ್ಲಿ ತೊಳೆದು ಚೊಕ್ಕಟ ಮಾಡಬಹುದು. ಮಕ್ಕಳ ಆರೋಗ್ಯಕ್ಕೆ ಇದರಿಂದ ನೇರವಾದ ಪ್ರಯೋಜನವಿದೆ.

ನಡುಮನೆಗೆ ಟೈಲೇ ಆಗಬೇಕೆಂದಿಲ್ಲ. ಚೆನ್ನಾಗಿ ಮಾಡಿದ ರೆಡ್ ಆಕ್ಸೈಡ್ ನೆಲ ತಲೆಮಾರುಗಳ ಕಾಲ ಬಾಳುತ್ತದೆ. ಕಲಬುರಗಿ ಕಡೆಯವರಿಗೆ ಶಹಾಬಾದಿನ ಕಲ್ಲು ಹತ್ತಿರದಲ್ಲೇ ಸಿಗುತ್ತದೆ. ಎಳೆದ ಮೂಟೆಗೆ, ಬಿದ್ದ ಗುದ್ದಲಿಗೆ ಕಲ್ಲಿನ ಚಪ್ಪಡಿ ಟೈಲಿಗಿಂತ ಹೆಚ್ಚು ತಡೆಯುತ್ತದೆ.

ಮಳೆ ಬೀಳುವ ಜಗಲಿ, ಮೆಟ್ಟಿಲು ಮತ್ತು ಅಂಗಳಕ್ಕೆ ಹೊಳೆಯುವ ಟೈಲನ್ನು ಖಂಡಿತ ಹಾಕಬೇಡಿರಿ. ಹಾಕಲೇಬೇಕಾದರೆ ಒರಟು ಮೈಯ ಟೈಲನ್ನೇ ಆರಿಸಿರಿ. ಕೊಟ್ಟಿಗೆಗಂತೂ ನಯವಾದ ಟೈಲು ಸಲ್ಲದು. ಗಂಜಳ ಬಿದ್ದ ನುಣುಪು ನೆಲದ ಮೇಲೆ ದನ ಗೊರಸೂರಿ ನಿಲ್ಲಲಾರದು. ಜಾರಿ ಕಾಲು ಮುರಿದುಕೊಂಡರೆ ಹಾಲು ಕರೆಯುವ ಹಸು ಕೈಬಿಟ್ಟಂತೆಯೇ. ಕೊಟ್ಟಿಗೆಗೆ ಒರಟು ಕಲ್ಲು, ಇಲ್ಲವೆ ಗೆರೆ ಎಳೆದ ಕಾಂಕ್ರೀಟು ನೆಲವೇ ಲೇಸು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

ಈ ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಡ. ಸಂಕೋಚ ಬಿಟ್ಟು ಮಾಡಿರಿ. ಹಣ ಕೊಡುವವರು ನೀವು.

ನೀರಿನ ಪರೀಕ್ಷೆ: ಟೈಲನ್ನು ಮಗುಚಿ, ಹಿಂಬದಿಗೆ ನಾಲ್ಕು ಹನಿ ನೀರು ಹಾಕಿರಿ. ನೀರು ಕೂಡಲೇ ಇಂಗಿದರೆ ಅದು ಗೋಡೆಯ ಟೈಲೆಂದು ತಿಳಿಯಿರಿ. ಹನಿ ಹಾಗೆಯೇ ನಿಂತರೆ ಟೈಲು ಚೆನ್ನಾಗಿ ಬೆಂದಿದೆ, ಗಟ್ಟಿಯಾಗಿದೆ ಎಂದು ಅರ್ಥ.

ಸದ್ದಿನ ಪರೀಕ್ಷೆ: ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದಿಲ್ಲವೆ? ಟೈಲನ್ನೂ ಹಾಗೆಯೇ ಒಂದು ಅಂಚಿನಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ‘ಠಣ್’ ಎಂಬ ಸ್ಪಷ್ಟ ನಾದ ಬರಬೇಕು. ಒಡಕು ದನಿ ಬಂದರೆ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಅಳತೆಯ ಪರೀಕ್ಷೆ: ಎರಡು ಟೈಲುಗಳನ್ನು ಮುಖಕ್ಕೆ ಮುಖವಿಟ್ಟು ಹಿಡಿಯಿರಿ. ನಡುವೆ ಸಂದು ಕಂಡರೆ, ಇಲ್ಲವೆ ಒಂದರ ಮೇಲೊಂದು ತಿರುಗಿದರೆ ಟೈಲು ಸೊಟ್ಟಗಿದೆ. ಬೇರೆ ಬೇರೆ ಡಬ್ಬಗಳಿಂದ ನಾಲ್ಕು ಟೈಲು ತೆಗೆದು ಸಮನಾದ ನೆಲದ ಮೇಲೆ ಜೋಡಿಸಿರಿ. ನಾಲ್ಕೂ ಮೂಲೆಗಳು ಕೂಡುವಲ್ಲಿ ಏರುಪೇರು ಇರಬಾರದು.

ಕಾಲಿನ ಪರೀಕ್ಷೆ: ಇದೇ ಎಲ್ಲಕ್ಕಿಂತ ಮುಖ್ಯವಾದುದು. ಬಚ್ಚಲಿಗೆಂದು ಆರಿಸಿದ ಟೈಲನ್ನು ನೆಲದ ಮೇಲಿಟ್ಟು, ಸ್ವಲ್ಪ ಸೋಪಿನ ನೀರು ಸುರಿದು, ಪಕ್ಕದಲ್ಲಿ ಆಸರೆ ಹಿಡಿದುಕೊಂಡು, ಚಪ್ಪಲಿ ಬಿಟ್ಟು ಅಂಗಾಲನ್ನು ಅದರ ಮೇಲೆ ಉಜ್ಜಿ ನೋಡಿರಿ. ಕಾಲು ಸುಲಭವಾಗಿ ಸರಿದರೆ ಆ ಟೈಲು ಬೇಡ. ಎಷ್ಟೇ ಅಂದವಾಗಿದ್ದರೂ ಬೇಡ. ಕೆಲವು ಡಬ್ಬಗಳ ಮೇಲೆ ಆರ್-9 ರಿಂದ ಆರ್-13 ರ ವರೆಗೆ ಒಂದು ಗುರುತು ಇರುತ್ತದೆ. ಅಂಕಿ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್-10 ಕ್ಕೆ ಕಡಿಮೆಯಿಲ್ಲದ ಟೈಲನ್ನು ಆರಿಸಿರಿ.

ಸವೆತದ ದರ್ಜೆ: ಮೆರುಗು ಎಷ್ಟು ಸವೆತ ತಡೆಯುತ್ತದೆಂಬುದಕ್ಕೆ ಪಿಇಐ ಎಂಬ ದರ್ಜೆ ಇದೆ, 1 ರಿಂದ 5 ರ ವರೆಗೆ. ಹೊಲದ ಮಣ್ಣು ಮೆತ್ತಿದ ಕಾಲುಗಳು ದಿನವೆಲ್ಲ ಓಡಾಡುವ ನಮ್ಮ ಮನೆಗಳ ನಡುಮನೆಗೆ 4 ನೆಯ ದರ್ಜೆ ತಕ್ಕುದು. 1 ನೆಯ ದರ್ಜೆಯದು ಗೋಡೆಗಷ್ಟೇ ಸಾಕು.

ಡಬ್ಬದ ಮೇಲಿನ ಬರಹ: ಭಾರತೀಯ ಮಾನಕ ಸಂಸ್ಥೆಯ ಐಎಸ್ 15622 ಎಂಬ ಸಂಖ್ಯೆ ಒತ್ತಿ ಮಾಡಿದ ಪಿಂಗಾಣಿ ಟೈಲುಗಳಿಗೆ ಸಂಬಂಧಿಸಿದ್ದು. ಐಎಸ್‌ಐ ಗುರುತಿನೊಡನೆ ಈ ಸಂಖ್ಯೆ ಇದೆಯೇ ನೋಡಿರಿ. ಎಲ್ಲ ಡಬ್ಬಗಳ ಮೇಲೂ ತಯಾರಿಕೆಯ ತಂಡದ ಸಂಖ್ಯೆ ಮತ್ತು ಬಣ್ಣದ ಸಂಖ್ಯೆ ಒಂದೇ ಇರಬೇಕು. ಬೇರೆ ಬೇರೆ ಸಲ ಸುಟ್ಟ ಟೈಲುಗಳ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಅದು ಹಾಸಿದ ಮೇಲೆಯೇ ಕಣ್ಣಿಗೆ ಹೊಡೆಯುತ್ತದೆ.

ಎಷ್ಟು ಕೊಳ್ಳಬೇಕು?

ಲೆಕ್ಕ ಸುಲಭವಾದುದು. 6 ಅಡಿ ಉದ್ದ, 5 ಅಡಿ ಅಗಲದ ಬಚ್ಚಲು ಇದೆಯೆನ್ನಿ. ನೆಲದ ವಿಸ್ತೀರ್ಣ 6 × 5 = 30 ಚದರಡಿ. ಗೋಡೆಗೆ 4 ಅಡಿ ಎತ್ತರಕ್ಕೆ ಟೈಲು ಬೇಕಾದರೆ, ನಾಲ್ಕು ಗೋಡೆಗಳ ಒಟ್ಟು ಉದ್ದ 22 ಅಡಿ. ಅದರಲ್ಲಿ ಬಾಗಿಲಿನ ಎರಡೂವರೆ ಅಡಿ ಕಳೆದರೆ ಹತ್ತೊಂಬತ್ತೂವರೆ ಅಡಿ. ಅದನ್ನು 4 ರಿಂದ ಗುಣಿಸಿದರೆ 78 ಚದರಡಿ.

ಕತ್ತರಿಸುವಾಗ ಒಡೆಯುವುದಕ್ಕೆಂದು ಹತ್ತರಲ್ಲೊಂದು ಪಾಲು ಕೂಡಿಸಿರಿ: ನೆಲಕ್ಕೆ 33, ಗೋಡೆಗೆ ಸುಮಾರು 86 ಚದರಡಿ. ಒಂದು ಡಬ್ಬದಲ್ಲಿ ಎಷ್ಟು ಚದರಡಿ ಇದೆಯೆಂಬುದನ್ನು ಡಬ್ಬದ ಮೇಲೆ ಓದಿಕೊಳ್ಳಿರಿ. ಬಾಯಿ ಲೆಕ್ಕ ನಂಬಬೇಡಿರಿ. ಅಂಗಡಿಯವರು ‘ಒಂದಡಿ ಟೈಲು’ ಎನ್ನುವುದು 300 ಮಿಲಿಮೀಟರಿನದು. ಅದು ಒಂದಡಿಗಿಂತ ತುಸು ಚಿಕ್ಕದು. ಕೆಲಸ ಮುಗಿದ ಮೇಲೆ ಪ್ರತಿ ಬಗೆಯಲ್ಲೂ ಐದಾರು ಟೈಲುಗಳನ್ನು ಅಟ್ಟದ ಮೇಲೆ ಎತ್ತಿಡಿರಿ. ನಾಲ್ಕು ವರ್ಷದ ಮೇಲೆ ಒಂದು ಒಡೆದರೆ ಅದೇ ಬಣ್ಣದ್ದು ಪೇಟೆಯಲ್ಲಿ ಸಿಗುವ ಭರವಸೆಯಿಲ್ಲ.

ಹಾಸುವಾಗ ಗಮನಿಸಬೇಕಾದ ವಿಷಯಗಳು

ಟೈಲು ಕೆಟ್ಟಿತೆಂದು ನಾವು ದೂರುವುದು ಸಾಮಾನ್ಯ. ನಿಜದಲ್ಲಿ ಹಲವು ಸಲ ಕೆಟ್ಟಿರುವುದು ಅದರ ಕೆಳಗಿನ ನೆಲ. ಹೊಲವನ್ನು ಹದ ಮಾಡದೆ ಬಿತ್ತಿದರೆ ಬೆಳೆ ಬರುವುದೆ? ಇದೂ ಅಷ್ಟೆ.

ಮೊದಲು ತಳಹದಿಯೊಳಗೆ ತುಂಬಿದ ಮಣ್ಣು ಚೆನ್ನಾಗಿ ಕುಳಿತಿರಬೇಕು. ಅರ್ಧ ಅಡಿಯಷ್ಟು ತುಂಬಿ, ನೀರು ಹಾಕಿ, ದಿಮ್ಮಸಿನಿಂದ ಬಡಿದು, ಆಮೇಲೆ ಮುಂದಿನ ಪದರ ತುಂಬಬೇಕು. ಎರೆಭೂಮಿಯ ರೈತರು ಇದನ್ನು ಇನ್ನೂ ಜಾಗ್ರತೆಯಿಂದ ಓದಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಹೊಲದ ಬಿರುಕನ್ನು ನೀವೇ ಕಂಡಿದ್ದೀರಿ. ಮನೆಯ ನೆಲದ ಕೆಳಗೂ ಅದೇ ನಡೆಯುತ್ತದೆ. ಆದ್ದರಿಂದ ಅಗೆದ ಎರೆಮಣ್ಣನ್ನೇ ಮತ್ತೆ ಒಳಗೆ ತುಂಬಬಾರದು. ಅದನ್ನು ತೆಗೆದು ಗರಸು ತುಂಬಿಸಿರಿ. ಅದರ ಮೇಲೆ ನಾಲ್ಕು ಅಂಗುಲ ಜಲ್ಲಿ ಕಾಂಕ್ರೀಟು ಹಾಕಿಸಿ, ನೀರುಣಿಸಿ ಗಟ್ಟಿಯಾದ ಮೇಲೆಯೇ ಟೈಲಿನ ಕೆಲಸ ಹಿಡಿಯಬೇಕು.

ನೆಲದ ಟೈಲಿಗೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳಿನ ಗಾರೆಯನ್ನು ಮುಕ್ಕಾಲು ಅಂಗುಲದಷ್ಟು ದಪ್ಪ ಹಾಕುವುದು ವಾಡಿಕೆ. ಗೋಡೆಗೆ ಒಂದಕ್ಕೆ ಮೂರು ಪಾಲು ಮರಳು, ಅರ್ಧ ಅಂಗುಲ ದಪ್ಪ. ಗಾರೆಯನ್ನು ಟೈಲಿನ ಬೆನ್ನಿಗೆಲ್ಲ ಸಮನಾಗಿ ಹರಡಬೇಕು. ಕೆಲವರು ಬೇಗ ಮುಗಿಸಲೆಂದು ನಡುವೆ ಒಂದು ಮುದ್ದೆ ಗಾರೆಯಿಟ್ಟು ಒತ್ತಿಬಿಡುತ್ತಾರೆ. ಆಗ ಮೂಲೆಗಳ ಕೆಳಗೆ ಟೊಳ್ಳು ಉಳಿಯುತ್ತದೆ. ಮಂಚದ ಕಾಲು ಅಲ್ಲಿ ಬಿದ್ದ ದಿನ ಟೈಲು ಒಡೆಯುತ್ತದೆ.

ನೀರು ಕುಡಿಯುವ ಗೋಡೆಯ ಟೈಲನ್ನು ಸಿಮೆಂಟು ಗಾರೆಯಲ್ಲಿ ಕೂರಿಸುವುದಾದರೆ, ಗುಳ್ಳೆ ಬರುವುದು ನಿಲ್ಲುವ ತನಕ ಅದನ್ನು ನೀರಿನಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ಹಚ್ಚಬೇಕು. ಇಲ್ಲದಿದ್ದರೆ ಟೈಲೇ ಗಾರೆಯ ನೀರನ್ನು ಹೀರಿಕೊಳ್ಳುತ್ತದೆ. ಸಿಮೆಂಟಿಗೆ ಹಿಡಿತ ಬರುವುದಿಲ್ಲ. ವಿಟ್ರಿಫೈಡ್ ಟೈಲನ್ನು ನೆನೆಸಿ ಫಲವಿಲ್ಲ. ಅದು ನೀರನ್ನೇ ಕುಡಿಯದ್ದರಿಂದ ಬರಿಯ ಸಿಮೆಂಟು ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಅದಕ್ಕೆಂದೇ ಚೀಲದಲ್ಲಿ ಸಿಗುವ ಟೈಲು ಅಂಟಿನ ಪುಡಿಯನ್ನು ಬಳಸಬೇಕು, ಮುಖ್ಯವಾಗಿ ಗೋಡೆಯ ಮೇಲೆ.

ಟೈಲುಗಳ ನಡುವೆ ಸಂದೇ ಇಲ್ಲದಂತೆ ಕೂಡಿಸಿದರೆ ನೋಡಲು ಚೆಂದ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಬಿಸಿಲಿಗೆ ಟೈಲು ಹಿಗ್ಗುತ್ತದೆ; ಕೆಳಗಿನ ಸಿಮೆಂಟು ಒಣಗುತ್ತ ಕುಗ್ಗುತ್ತದೆ. ಸರಿಯಲು ಎಡೆಯಿಲ್ಲದ ಟೈಲುಗಳು ಒಂದನ್ನೊಂದು ತಳ್ಳಿ, ಒಂದು ದಿನ ಸದ್ದು ಮಾಡಿ ಗುಡಾರದಂತೆ ಮೇಲೇಳುತ್ತವೆ. ಎರಡು ಟೈಲಿನ ನಡುವೆ ಎರಡು ಮೂರು ಮಿಲಿಮೀಟರು, ನೆಲವು ಗೋಡೆಯನ್ನು ಮುಟ್ಟುವಲ್ಲಿ ಕಾಲು ಅಂಗುಲ ಸಂದು ಬಿಡಿಸಿರಿ. ಗೋಡೆಯ ಬುಡದ ಪಟ್ಟಿ ಆ ಸಂದನ್ನು ಮರೆ ಮಾಡುತ್ತದೆ.

ಬಚ್ಚಲಿನ ನೆಲಕ್ಕೆ ನೀರು ಹೋಗುವ ಕಿಂಡಿಯ ಕಡೆಗೆ ಐದು ಅಡಿಗೆ ಒಂದು ಅಂಗುಲದಂತೆ ಇಳಿಜಾರು ಇರಲಿ. ಗಾರೆ ಆರುವ ಮುನ್ನವೇ ಇಳಿಜಾರನ್ನು ರಸಮಟ್ಟದಿಂದ ನೋಡಿಸಿರಿ. ಕೆಲಸ ಪೂರಾ ಗಟ್ಟಿಯಾದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿರಿ. ನೀರು ತಾನಾಗಿ ಕಿಂಡಿಗೆ ಹರಿಯಬೇಕು. ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ ನಾಳೆ ಪಾಚಿ, ನಾಡಿದ್ದು ಜಾರಿಕೆ.

ಟೈಲು ಕೂರಿಸಿದ ಮೇಲೆ ಒಂದು ದಿನವಾದರೂ ಅದರ ಮೇಲೆ ಯಾರೂ ಕಾಲಿಡಬಾರದು. ಸಿಮೆಂಟು ಗಾರೆಯ ಕೆಲಸವನ್ನು ಒಂದು ವಾರ ತೇವವಾಗಿಡಬೇಕು. ಗಟ್ಟಿಯಾದ ಮೇಲೆ ಒಂದು ಕೋಲಿನ ತುದಿಯಿಂದ ಪ್ರತಿ ಟೈಲನ್ನೂ ತಟ್ಟಿರಿ. ಟೊಳ್ಳು ಸದ್ದು ಬಂದದ್ದಕ್ಕೆ ಗುರುತು ಹಾಕಿ, ಕೂಲಿಯ ಕೊನೆಯ ಕಂತು ಕೊಡುವ ಮುನ್ನ ಅದನ್ನು ಕಿತ್ತು ಮತ್ತೆ ಕೂರಿಸಲು ಹೇಳಿರಿ.

ಇನ್ನೊಂದು ಮಾತು ಕೆಲಸಗಾರರ ವಿಷಯ. ಯಂತ್ರದಿಂದ ಟೈಲು ಕತ್ತರಿಸುವಾಗ ಏಳುವ ಬಿಳಿಯ ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಅದನ್ನು ದಿನವೂ ಉಸಿರಾಡಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ, ಅದು ಗುಣವಾಗುವಂಥದಲ್ಲ. ಆದ್ದರಿಂದ ಮನೆಯ ಹೊರಗೆ, ನೀರು ಬಿಡುತ್ತ ಕತ್ತರಿಸಬೇಕು. ಬರಿಯ ಟವೆಲು ಕಟ್ಟಿದರೆ ಸಾಲದು, ಧೂಳು ತಡೆಯುವ ಮಾಸ್ಕನ್ನೇ ಹಾಕಬೇಕು. ನೀರು ಬಳಸುವಾಗ ವಿದ್ಯುತ್ ತಂತಿ ನೆನೆಯದಂತೆಯೂ ನೋಡಿಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿರಿ. ನಮ್ಮ ಮನೆಯ ಅಂದಕ್ಕಾಗಿ ಇನ್ನೊಬ್ಬರ ಮಗನ ಉಸಿರು ಕೆಡಬಾರದು.

ದಿನನಿತ್ಯದ ಪಾಲನೆ

ಟೈಲಿಗೆ ದೊಡ್ಡ ಶತ್ರು ಮರಳು. ಕಾಲಡಿಯ ಮರಳು ಉಪ್ಪುಕಾಗದದಂತೆ ಮೆರುಗನ್ನು ಉಜ್ಜಿ ಸವೆಸುತ್ತದೆ. ಬಾಗಿಲಲ್ಲಿ ಒಂದು ಗೋಣಿತಟ್ಟು ಹಾಸಿರಿ. ಹೊಲದಿಂದ ಬಂದವರು ಕಾಲು ತೊಳೆದು ಒಳಗೆ ಬರುವ ಹಳೆಯ ಪದ್ಧತಿ ಆರೋಗ್ಯಕ್ಕೂ ಒಳ್ಳೆಯದು, ನೆಲಕ್ಕೂ ಒಳ್ಳೆಯದು. ಮೊದಲು ಗುಡಿಸಿ, ಆಮೇಲೆ ಒರೆಸಿರಿ. ಗುಡಿಸದೆ ಒರೆಸಿದರೆ ಮರಳನ್ನೇ ಉಜ್ಜಿದಂತಾಗುತ್ತದೆ.

ಬೂದಿ, ಇಟ್ಟಿಗೆಪುಡಿ, ತಂತಿಯ ಉಂಡೆಗಳಿಂದ ಟೈಲನ್ನು ತಿಕ್ಕಬೇಡಿರಿ. ಪಾತ್ರೆಗೆ ಅವು ಸರಿ, ಮೆರುಗಿಗೆ ಸರಿಯಲ್ಲ. ಒಲೆಯ ಹಿಂದಿನ ಎಣ್ಣೆ ಜಿಡ್ಡಿಗೆ ಬಿಸಿನೀರಿನಲ್ಲಿ ಸ್ವಲ್ಪ ವಾಷಿಂಗ್ ಸೋಡ ಕರಗಿಸಿ ಬಟ್ಟೆಯಿಂದ ಒರೆಸಿದರೆ ಸಾಕು. ಅಂಟುವಾಳದ ನೀರೂ ಆಗುತ್ತದೆ. ಅರಿಸಿನ, ಕುಂಕುಮ, ಎಲೆಯಡಿಕೆಯ ಕಲೆ ಟೈಲಿನ ಮೇಲಿಂದ ಹೋದರೂ ಸಂದಿನಲ್ಲಿ ಇಳಿದು ನಿಲ್ಲುತ್ತದೆ. ಬಿದ್ದ ಕೂಡಲೇ ಒರೆಸಿರಿ.

ಕೊಳವೆಬಾವಿಯ ಗಡಸು ನೀರು ಬಚ್ಚಲಿನ ಟೈಲಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ನಿಂಬೆರಸವನ್ನು ನೀರಿನೊಡನೆ ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ದಿನವೂ ಸ್ನಾನವಾದ ಮೇಲೆ ಗೋಡೆಯ ನೀರನ್ನು ಒಮ್ಮೆ ಒರೆಸಿಬಿಟ್ಟರೆ ಪೊರೆಯೇ ಕಟ್ಟುವುದಿಲ್ಲ.

ಆಸಿಡ್ಡಿನ ವಿಷಯದಲ್ಲಿ ಎಚ್ಚರಿಕೆ ಇರಲಿ. ಅದು ಟೈಲಿನ ಸಂದಿನ ಸಿಮೆಂಟನ್ನು ತಿನ್ನುತ್ತದೆ. ಆ ದಾರಿಯಲ್ಲಿ ನೀರು ಕೆಳಗಿಳಿದು ಟೈಲು ಸಡಿಲವಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು: ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಬೆರೆಸಬಾರದು. ಒಂದನ್ನು ಹಾಕಿದ ಮೇಲೆ ತೊಳೆಯದೆ ಇನ್ನೊಂದನ್ನು ಹಾಕಲೂ ಬಾರದು. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಚಿಕ್ಕ ಪಾಯಿಖಾನೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಮನೆಯ ಹೆಣ್ಣುಮಕ್ಕಳಿಗೆ ಈ ಮಾತನ್ನು ಓದಿ ಹೇಳಿರಿ. ತೊಳೆಯುವ ಕೆಲಸ ಹೆಚ್ಚಾಗಿ ಅವರ ಮೇಲೆಯೇ ಬೀಳುತ್ತದೆ.

ಕಟ್ಟಿಗೆ ಒಡೆಯುವುದು, ತೆಂಗಿನಕಾಯಿ ಒಡೆಯುವುದು, ಒನಕೆಯಿಂದ ಕುಟ್ಟುವುದು ಟೈಲಿನ ಮೇಲೆ ಬೇಡ. ಕಬ್ಬಿಣದ ಮಂಚ, ಪೆಟ್ಟಿಗೆಗಳನ್ನು ಎಳೆಯದೆ ಎತ್ತಿಡಿರಿ. ಕಾಲುಗಳಿಗೆ ರಬ್ಬರು ಹಾಕಿರಿ. ಒಂದು ಟೈಲು ಒಡೆದರೆ ಸುತ್ತಲಿನ ಸಂದನ್ನು ಮೊದಲು ಕೆರೆದು, ಒಡೆದ ಟೈಲನ್ನು ನಡುವಿನಿಂದ ಅಂಚಿನ ಕಡೆಗೆ ಸಣ್ಣ ಉಳಿಯಿಂದ ತೆಗೆಸಬೇಕು. ಅಂಚಿನಿಂದ ಮೀಟಿದರೆ ಪಕ್ಕದ್ದೂ ಒಡೆಯುತ್ತದೆ.

ಮನೆಯಲ್ಲಿ ವಯಸ್ಸಾದವರು, ಬಸುರಿ ಬಾಣಂತಿಯರು ಇದ್ದರೆ ಬಚ್ಚಲ ಗೋಡೆಗೆ ಒಂದು ಗಟ್ಟಿಯಾದ ಹಿಡಿಕಂಬಿ ಹಾಕಿಸಿರಿ. ಟೈಲಿನ ಖರ್ಚಿನ ಮುಂದೆ ಅದರ ಖರ್ಚು ಏನೂ ಅಲ್ಲ. ಬಿದ್ದು ಮೂಳೆ ಮುರಿದ ಮೇಲೆ ಹಾಕಿಸುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕೊನೆಯ ಮಾತು

ಮುಂದಿನ ಸಲ ಟೈಲು ಕೊಳ್ಳಲು ಪೇಟೆಗೆ ಹೊರಟಾಗ ನಾಲ್ಕು ವಿಷಯ ನೆನಪಿಡಿರಿ. ಬೆನ್ನಿಗೆ ನೀರು ಹಾಕಿ ನೋಡುವುದು, ಬಡಿದು ಸದ್ದು ಕೇಳುವುದು, ಸೋಪು ನೀರಿನ ಮೇಲೆ ಬರಿಗಾಲನ್ನು ಉಜ್ಜುವುದು, ಡಬ್ಬಗಳ ಸಂಖ್ಯೆ ಒಂದೇ ಇದೆಯೇ ಎಂದು ಓದುವುದು. ಸಾಧ್ಯವಾದರೆ ಮನೆಯಾಕೆಯನ್ನೂ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಆ ನೆಲವನ್ನು ದಿನವೂ ಒರೆಸುವವರು ಒಬ್ಬರು, ಅದರ ಮೇಲೆ ಅಂಜುತ್ತ ಹೆಜ್ಜೆಯಿಡುವವರು ಇನ್ನೊಬ್ಬರು. ಅವರ ಕೈಗೂ ಕಾಲಿಗೂ ಒಪ್ಪಿದ ಟೈಲೇ ನಿಮ್ಮ ಮನೆಗೆ ಒಳ್ಳೆಯ ಟೈಲು.